ಗದ್ದೆ ತಗ್ಗನ್ನು ಹಕ್ಕಿಗಳಿಗೆ ಉಳಿಸಬೇಕು, ಸಹಾಯಧನ ಏನಾದರೂ ಸಿಗುತ್ತದಾ?

ತಗ್ಗುಹೊಲ, ಯಲಹಂಕ

ಎಲ್ಲರಿಗೂ ನಮಸ್ಕಾರ. ದೊಡ್ಡಬಳ್ಳಾಪುರದ ಹತ್ತಿರ ತಂದೆಯ ಹೆಸರಲ್ಲಿ ಎರಡು ಎಕರೆ ಇದೆ. ಅದರಲ್ಲಿ ಕೆರೆ ಕೋಡಿ ಕಡೆಯ 30 ಗುಂಟೆ ತಗ್ಗು. ತಾತ ಅಲ್ಲಿ ಭತ್ತ ಹಾಕುತ್ತಿದ್ದರು. ಆಮೇಲೆ ಕೆರೆಗೇ ನೀರು ಬರುವುದು ನಿಂತಿತು, ಗದ್ದೆ ಬೀಳು ಬಿತ್ತು. ಈಗ ಒಳ್ಳೆ ಮಳೆಯಾದ ವರ್ಷ ಮತ್ತೆ ನೀರು ನಿಲ್ಲುತ್ತಿದೆ, ಜೊಂಡು ಎದೆಮಟ್ಟ ಬೆಳೆದಿದೆ.

ಹೋದ ಭಾನುವಾರ ಬೆಳಿಗ್ಗೆ ಹೋಗಿದ್ದೆ. ಜೊಂಡಿನ ಸಂದಿಯಿಂದ ಒಂದು ನೇರಳೆ ಜಂಬುಕೋಳಿ ಹೊರಗೆ ಬಂತು. ಉದ್ದ ಬೆರಳಿನ ಕಾಲಲ್ಲಿ ದಂಟು ಹಿಡಿದು, ಕೊಕ್ಕಿನಿಂದ ಸೀಳಿ ತಿನ್ನುತ್ತಿತ್ತು. ಹಿಂದೆಯೇ ಕಪ್ಪಗೆ ಮೂರು ಮರಿ. ಬದುವಿನ ಮೇಲೆ ಅರ್ಧ ಗಂಟೆ ಅಲ್ಲಾಡದೆ ಕೂತಿದ್ದೆ.

ಅಣ್ಣ ಅಲ್ಲಿಗೆ ಮಣ್ಣು ಹೊಡೆಸಿ ಸಮ ಮಾಡೋಣ ಅಂತಾನೆ. ಅಪಾರ್ಟ್‌ಮೆಂಟ್ ಪಾಯ ತೋಡಿದ ಮಣ್ಣನ್ನು ಯಾರೋ ಪುಕ್ಕಟೆ ತಂದು ಸುರಿಯುತ್ತಾರಂತೆ. ಅವನಿಗೂ ಮಕ್ಕಳಿದ್ದಾರೆ, ತಪ್ಪು ಅನ್ನಲಾರೆ. ಆದರೆ ನನಗೆ ಆ ಜಾಗ ಹಾಗೇ ಉಳಿಯಬೇಕು. ಇದಕ್ಕೆ ಸರ್ಕಾರದ ದುಡ್ಡು ಏನಾದರೂ ಇದೆಯಾ? ಯಾವ ಇಲಾಖೆಗೆ ಹೋಗಬೇಕು?

ಏರಿಮೇಲೆ

ಸರ್, ಹಕ್ಕಿಗೆ ಅಂತಲೇ ಜಮೀನಿನವರಿಗೆ ದುಡ್ಡು ಕೊಡುವ ಯೋಜನೆ ನಾನು ಹುಡುಕಿದಾಗ ಒಂದೂ ಸಿಗಲಿಲ್ಲ. ರೈತ ಸಂಪರ್ಕ ಕೇಂದ್ರಕ್ಕೆ ಹೋದರೆ ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆಯ ಕೃಷಿ ಹೊಂಡ, ಅಂದರೆ ಮಳೆ ನೀರು ಹಿಡಿದಿಡುವ ಗುಂಡಿ, ತೋರಿಸುತ್ತಾರೆ. ನಿಮ್ಮ ತಾಲ್ಲೂಕು ಪಟ್ಟಿಯಲ್ಲಿದ್ದರೆ ಸಾಮಾನ್ಯ ವರ್ಗಕ್ಕೆ ಶೇ 80, ಪರಿಶಿಷ್ಟರಿಗೆ ಶೇ 90 ಸಹಾಯಧನ. ದುಡ್ಡು ಸಿಗುತ್ತದೆ ಅಂತ ಆ ತಗ್ಗಲ್ಲಿ ಮಾತ್ರ ಅದನ್ನು ಮಾಡಿಸಬೇಡಿ, ಕೈಮುಗಿದು ಹೇಳುತ್ತೇನೆ.

ನಾನು ಮಾಡಿಸಿದ್ದೆ. ನಾಲ್ಕೂ ಕಡೆ ಕಡಿದಾಗಿ ಅಗೆದು, ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿದರು. ಬೆಳೆಗೆ ನೀರು ಹಿಡಿದಿಡಲು ಅದು ಒಳ್ಳೆಯದೇ. ಆದರೆ ಕಾಲೂರಿ ನಿಲ್ಲಲು ಒಂದು ಹಕ್ಕಿಗೂ ಅಲ್ಲಿ ಜಾಗ ಇಲ್ಲ. ಒಂದು ಬೆಳಿಗ್ಗೆ ನೋಡಿದರೆ ಮೊಲದ ಮರಿ ತೇಲುತ್ತಿತ್ತು. ಹತ್ತಲು ಒದ್ದಾಡಿದ ಉಗುರಿನ ಗೀರು ಹಾಳೆ ಮೇಲೆ ಉದ್ದಕ್ಕೂ ಇತ್ತು. ಅವತ್ತೇ ಬೇಲಿ ಸರಿ ಮಾಡಿಸಿ, ನೀರಿಗೆ ಹಗ್ಗದ ಬಲೆ ಇಳಿಬಿಟ್ಟೆ.

ಮುಂದಿನ ವರ್ಷ ಕೆಳಗಿನ ಮೂಲೆಯಲ್ಲಿ ಸ್ವಂತ ಖರ್ಚಲ್ಲಿ ಇನ್ನೊಂದು ಮಾಡಿದೆ. ಅಗೆಯಲೇ ಇಲ್ಲ, ಇಳಿಜಾರಿನ ಕಡೆ ಎರಡು ಅಡಿ ಬದು ಎತ್ತರಿಸಿ ನೀರು ಹೋಗಲು ಒಂದು ಕಲ್ಲಿನ ಕೋಡಿ ಇಟ್ಟೆ, ಅಷ್ಟೇ. ಜೆಸಿಬಿ ಐದು ಗಂಟೆ ಕೆಲಸ ಮಾಡಿತು, ಗಂಟೆಗೆ 1,200 ತಗೊಂಡರು. ನೀರು ಅಂಚಲ್ಲಿ ಬೆರಳುದ್ದ, ನಡುವೆ ಮೊಣಕಾಲುದ್ದ. ಮೆಟ್ಟುಗಾಲ ಹಕ್ಕಿ, ಉಲ್ಲಂಕಿ ಎಲ್ಲ ಬರುವುದು ಆ ಬೆರಳುದ್ದದ ಕೆಸರಿಗೇ. ನಿಮ್ಮ ತಗ್ಗಲ್ಲಿ ನೀರು ತಾನೇ ನಿಲ್ಲುತ್ತದೆ ಅಂದಮೇಲೆ ಇನ್ನೂ ಕಡಿಮೆ ಖರ್ಚಲ್ಲಿ ಮುಗಿಯಬಹುದು.

ಪಹಣಿ ನೋಡಿ

ಮೊದಲು ಪಹಣಿ ತೆಗೆಸಿ. ಕೋಡಿ ಪಕ್ಕದ ಜಮೀನಲ್ಲಿ ಹಳೇ ಕಾಲುವೆ ಹಾದುಹೋಗಿರುವುದು ಜಾಸ್ತಿ. ಬಿ ಖರಾಬು ಅಂತ ಇದ್ದರೆ ಅಷ್ಟು ಜಾಗ ಸಾರ್ವಜನಿಕ ಬಳಕೆಯದು, ಅಲ್ಲಿ ಮಣ್ಣು ಸುರಿದರೆ ನಾಳೆ ನಿಮ್ಮಣ್ಣನ ತಲೆಗೇ ಬರುತ್ತದೆ.

ದುಡ್ಡಿನ ವಿಚಾರ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕಿ ಉಳಿದ ಪ್ರತಿ ಸಸಿಗೆ ಮೂರು ವರ್ಷದಲ್ಲಿ ಒಟ್ಟು 125 ರೂಪಾಯಿ ಕೊಡುತ್ತಾರೆ. ತಗ್ಗಿನ ಸುತ್ತ ಹೊಳೆಮತ್ತಿ, ನೇರಳೆ, ಹೊಂಗೆ ಹಾಕಿ, ಇವು ನೀರಿನ ಪಕ್ಕ ಚೆನ್ನಾಗಿ ಬರುತ್ತವೆ. ತಾಲ್ಲೂಕಿನ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಮೊದಲು ಹೆಸರು ನೋಂದಾಯಿಸಿ, ಅವರ ನರ್ಸರಿಯಿಂದಲೇ ಸಸಿ ತನ್ನಿ. ಹೊರಗೆ ಕೊಂಡ ಗಿಡಕ್ಕೆ ಪ್ರೋತ್ಸಾಹಧನ ಬರಲ್ಲ.

ಕಂಪನಿಗಳ ಸಿಎಸ್‌ಆರ್ ದುಡ್ಡು, ಅಂದರೆ ಲಾಭದಲ್ಲಿ ಸಮಾಜದ ಕೆಲಸಕ್ಕೆ ಅಂತ ಎತ್ತಿಡುವುದು, ಬೆಂಗಳೂರಲ್ಲಿ ಬೇಕಾದಷ್ಟಿದೆ. ಆದರೆ ಅದು ನೋಂದಣಿಯಾದ ಟ್ರಸ್ಟ್ ಮೂಲಕ ಊರ ಕೆರೆಗೆ ಹೋಗುತ್ತದೆಯೇ ಹೊರತು ಒಬ್ಬರ ಸ್ವಂತ ಜಮೀನಿಗೆ ಕೊಡಲು ಹಿಂಜರಿಯುತ್ತಾರೆ. ನಿಮ್ಮ ಮೇಲಿನ ಕೆರೆಗೆ ಪಂಚಾಯಿತಿಯವರ ಜೊತೆ ಸೇರಿ ಕೇಳಿ. ಕೆರೆ ತುಂಬಿದರೆ ನಿಮ್ಮ ತಗ್ಗೂ ತುಂಬುತ್ತದೆ, ಅಲ್ವಾ?

ಮದ್ದೂರು ಸೊಸೆ, ವಿಜಯನಗರ

ಅಣ್ಣನ ಪರವಾಗಿ ಒಂದು ಮಾತು. ಸಸಿ, ಬದು ಎಲ್ಲ ಒಂದು ಸಲದ ಖರ್ಚು. ಆದರೆ ಪ್ರತಿ ವರ್ಷ ಬರದೇ ಹೋಗುವ ಆದಾಯಕ್ಕೆ ಯಾರು ಕೊಡುತ್ತಾರೆ? ಅದೇ ನಿಜವಾದ ಪ್ರಶ್ನೆ. ಕ್ಯಾಲಿಫೋರ್ನಿಯಾದಲ್ಲಿ 2014ರಿಂದ ಭತ್ತದ ರೈತರಿಗೆ ಒಂದು ಸಂಸ್ಥೆ ದುಡ್ಡು ಕೊಟ್ಟು, ವಲಸೆ ಹಕ್ಕಿ ಬರುವ ಕೆಲವು ವಾರ ಮಾತ್ರ ಕೊಯ್ದ ಗದ್ದೆಯಲ್ಲಿ ನೀರು ನಿಲ್ಲಿಸುತ್ತಿದೆ. ಜಮೀನು ಕೊಳ್ಳುವುದಿಲ್ಲ, ನೀರು ನಿಂತ ಆ ವಾರಗಳಿಗಷ್ಟೇ ಬಾಡಿಗೆ ಕೊಡುತ್ತದೆ.

ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಅಂದರೆ ಕೊಕ್ಕರೆ ಬೆಳ್ಳೂರು. ನನ್ನ ಅತ್ತೆ ಮನೆ ಅಲ್ಲಿಗೆ ಹತ್ತಿರ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟಿದ ಹುಣಸೆ ಮರದ ಫಸಲು ಕೈಗೆ ಬರಲ್ಲ, ಅದಕ್ಕೆ ಅರಣ್ಯ ಇಲಾಖೆ ಮರದ ಮಾಲೀಕರಿಗೆ ಪರಿಹಾರ ಕೊಡುತ್ತದೆ. 2007ರಲ್ಲಿ ಆ ಊರನ್ನು ಸಮುದಾಯ ಮೀಸಲು, ಅಂದರೆ ಊರವರೂ ಸೇರಿ ಕಾಯುವ ಸಂರಕ್ಷಿತ ಜಾಗ, ಮಾಡಿದರು. ಮರ, ಮನೆ ಎಲ್ಲ ಊರವರದ್ದೇ. ಊರು ಒಟ್ಟಾಗಿ ನಿಂತಿದ್ದಕ್ಕೆ ಅದಾಯಿತು, ಒಬ್ಬರ 30 ಗುಂಟೆಗೆ ಕಷ್ಟ.

ನಾನಾಗಿದ್ದರೆ ಅರ್ಧಕ್ಕೆ ಮಳೆಗಾಲದ ಒಂದು ಬೆಳೆ ಭತ್ತ ಹಾಕಿ, ಕೊಯ್ಲಾದ ಮೇಲೆ ಕೂಳೆಯಲ್ಲಿ ನೀರು ಬಿಟ್ಟುಕೊಳ್ಳುತ್ತಿದ್ದೆ. ಮನೆಗೆ ಅಕ್ಕಿ, ಹಸುವಿಗೆ ಹುಲ್ಲು, ಹಕ್ಕಿಗೂ ಜಾಗ. ಔಷಧಿ ಹೊಡೆಯಬೇಡಿ ಅಷ್ಟೇ.

ತಗ್ಗುಹೊಲ, ಯಲಹಂಕ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪಹಣಿ ತೆಗೆಸಿದೆ, 6 ಗುಂಟೆ ಬಿ ಖರಾಬು ಇದೆ. ಅಣ್ಣನಿಗೆ ತೋರಿಸಿದೆ. ಸುಮ್ನೆ ಓದಿ, ಮಣ್ಣಿನವರಿಗೆ ಫೋನ್ ಮಾಡಿ ಸದ್ಯಕ್ಕೆ ಬೇಡ ಅಂದ. ಭತ್ತದ ಮಾತು ಎತ್ತಿದಾಗ ಅವನ ಮುಖ ಅರಳಿತು. ತಾತ ಯಾವ ತಳಿ ಹಾಕುತ್ತಿದ್ದರು ಅಂತ ಅಮ್ಮನನ್ನು ಕೇಳುತ್ತಿದ್ದಾನೆ.

ಮರಿಗಳು ದೊಡ್ಡವಾಗುವವರೆಗೆ ಜೊಂಡು ಮುಟ್ಟಿಸುವುದಿಲ್ಲ. ಬೇಸಿಗೆಯಲ್ಲಿ ಮೇಲಿನ ಪಕ್ಕ ಮಾತ್ರ ಕೊಯ್ಯಿಸಿ ಗದ್ದೆ ಮಾಡುತ್ತೇವೆ. ಏರಿಮೇಲೆ ಸರ್, ಕೋಡಿಗೆ ಕಲ್ಲು ಎಷ್ಟು ಎತ್ತರಕ್ಕೆ ಕೂರಿಸಿದ್ದೀರಿ? ಒಂದು ಫೋಟೋ ಹಾಕಿ.