ಕೋಟೆ ಕಂಡು ಬೆರಗಾದರೆ ಇಂಗ್ಲಿಷಿನಲ್ಲಿ ಏನೆನ್ನಬೇಕು?

ಪ್ರಶ್ನೆ – ಚಿತ್ರದುರ್ಗದ ಶಿಕ್ಷಕಿ:
ನಮ್ಮ ಪ್ರೌಢಶಾಲೆಯ ಮಕ್ಕಳು ಏಳು ಸುತ್ತಿನ ಕೋಟೆಯನ್ನು ಕುರಿತು ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುತ್ತಿದ್ದಾರೆ. ಸರ್ಪ್ರೈಸ್, ವಂಡರ್, ಅಮೇಝ್, ಆಸ್ಟಾನಿಷ್ ಎಲ್ಲಕ್ಕೂ ‘ಆಶ್ಚರ್ಯ’ ಎಂದೇ ಅರ್ಥ ಬರೆದುಕೊಂಡಿರುವುದರಿಂದ ಯಾವುದನ್ನು ಎಲ್ಲಿ ಬಳಸಬೇಕೆಂಬುದು ಅವರಿಗೆ ತಿಳಿಯುತ್ತಿಲ್ಲ. ಒಬ್ಬ ಹುಡುಗನಂತೂ ಕೋಟೆಯನ್ನು ‘ಆಫುಲ್’ ಎಂದು ಹೊಗಳಿದ್ದಾನೆ. ಇವುಗಳ ವ್ಯತ್ಯಾಸವನ್ನು ದಯವಿಟ್ಟು ತಿಳಿಸುವಿರಾ?

ಉತ್ತರ – ದಾವಣಗೆರೆಯ ಓದುಗ:
ಎಣಿಸದೇ ಇದ್ದದ್ದು ನಡೆದರೆ ಅದು ಸರ್ಪ್ರೈಸ್. ಅದು ಒಳ್ಳೆಯದೇ ಆಗಿರಬೇಕೆಂದಿಲ್ಲ. 1933ರ ನಂತರ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಹಿರಿಯೂರಿನವರಿಗೆ ಆದದ್ದು ಇದೇ. ಆಸ್ಟಾನಿಷ್ ಇದಕ್ಕಿಂತ ತೀವ್ರವಾದದ್ದು. ಅದರ ಮೂಲದಲ್ಲಿ ಗುಡುಗು ಎಂಬರ್ಥದ ಲ್ಯಾಟಿನ್ ಧಾತುವಿದೆ. ಸ್ಟನ್ ಕೂಡ ಅದೇ ಬಳಗದ್ದು. ಒನಕೆ ಹಿಡಿದ ಒಬ್ಬಳೇ ಹೆಂಗಸು ಹೈದರಾಲಿಯ ಸೈನಿಕರನ್ನು ಕಿಂಡಿಯಲ್ಲಿ ತಡೆದಳೆಂಬುದನ್ನು ಮೊದಲ ಸಲ ಕೇಳಿದವರಿಗೆ ಈ ಪದ ಸಲ್ಲುತ್ತದೆ.

ನಿಮ್ಮ ವಿದ್ಯಾರ್ಥಿಯ ತರ್ಕವನ್ನು ನಾನು ಮೆಚ್ಚುತ್ತೇನೆ. ಆಸಮ್, ಆಫುಲ್ ಎರಡಕ್ಕೂ ಮೂಲವಾದ ‘ಆ’ (awe) ಎಂಬ ಪದದಲ್ಲಿ ಭಯ ಮತ್ತು ಭಕ್ತಿ ಬೆರೆತಿವೆ. ನಮ್ಮ ರಸಗಳ ಲೆಕ್ಕದಲ್ಲಿ ಹೇಳುವುದಾದರೆ ಅದ್ಭುತಕ್ಕೆ ಭಯಾನಕ ಸೇರಿದಂತೆ. ಹಿಂದಿನ ಕಾಲದಲ್ಲಿ ಆಫುಲ್ ಎಂದರೆ ಮೈ ನವಿರೇಳಿಸುವಷ್ಟು ಭವ್ಯವಾದದ್ದು ಎಂದೂ ಅರ್ಥವಿತ್ತು, ಆದರೆ ಇಂದು ಅದು ‘ತೀರಾ ಕೆಟ್ಟದ್ದು’ ಎಂಬರ್ಥಕ್ಕೆ ಇಳಿದಿದೆ. ಟೆರಿಫಿಕ್ ಪದದ್ದು ಇದಕ್ಕೆ ವಿರುದ್ಧವಾದ ದಾರಿ: ಹೆದರಿಸುವಂಥದ್ದು ಎಂದಿದ್ದದ್ದು ಈಗ ‘ಬಹಳ ಚೆನ್ನಾಗಿದೆ’ ಎಂದಾಗಿದೆ. ಇನ್ನು ಆಸಮ್ ಎಷ್ಟು ಸವೆದಿದೆಯೆಂದರೆ, ನಮ್ಮೂರಿನ ಹುಡುಗರು ಬೆಣ್ಣೆ ದೋಸೆಗೂ ಅದನ್ನೇ ಹೇಳುತ್ತಾರೆ. (ದೋಸೆಯ ಬಗ್ಗೆ ನನ್ನ ತಕರಾರಿಲ್ಲ.) ಬತೇರಿಯ ಮೇಲೆ ನಿಂತಾಗಿನ ಅನುಭವಕ್ಕೆ ವಂಡರ್ ಪದವೇ ಹೆಚ್ಚು ಒಪ್ಪುತ್ತದೆ.

ಉತ್ತರ – ಹೊಳಲ್ಕೆರೆಯ ನಿವೃತ್ತ ಉಪನ್ಯಾಸಕ:
ವಂಡರ್ ಕ್ರಿಯಾಪದವಾದಾಗ ಎಚ್ಚರ ಬೇಕು. ‘ಐ ವಂಡರ್ ವೈ’ ಎಂದವನಿಗೆ ಆಶ್ಚರ್ಯವಾಗಿರುವುದಿಲ್ಲ. ‘ಯಾಕಿರಬಹುದು’ ಎಂದು ತನ್ನಲ್ಲೇ ಯೋಚಿಸುತ್ತಿರುತ್ತಾನೆ. ‘ಐ ವಂಡರ್ ಇಫ್ ಯು ಕುಡ್’ ಎಂಬುದು ವಿನಯದಿಂದ ಸಹಾಯ ಕೇಳುವ ರೀತಿ. ‘ನೋ ವಂಡರ್’ ಎಂದರೆ ‘ಅದರಲ್ಲೇನು ಆಶ್ಚರ್ಯ’ ಎನ್ನುವ ನಮ್ಮ ಮಾತೇ.

ಶಿಕ್ಷಕಿ:
ಧನ್ಯವಾದಗಳು ಸರ್. ‘ವಿ ವರ್ ಅಮೇಝಿಂಗ್’ ಎಂದು ಬರೆದವರೂ ಇದ್ದಾರೆ.

ಉಪನ್ಯಾಸಕ:
ಬೆರಗು ಹುಟ್ಟಿಸುವುದು ಅಮೇಝಿಂಗ್, ಬೆರಗಾದವರು ಅಮೇಝ್ಡ್. ಕೋಟೆಗೆ ಸಲ್ಲಬೇಕಾದ ಹೊಗಳಿಕೆಯನ್ನು ಮಕ್ಕಳು ತಾವೇ ಇಟ್ಟುಕೊಂಡಿದ್ದಾರಮ್ಮ. ಅರ್ಧ ಅಂಕ ಕಳೆದರೆ ಸಾಕು.