‘ಸೈದ್ಧಾಂತಿಕ ಗರಿಷ್ಠ ದಕ್ಷತೆ’ಗೆ ಬೇರೆ ಮಾತು ಇದೆಯಾ?

ಎಲ್ಲರಿಗೂ ನಮಸ್ಕಾರ. ಗೋಣಿಕೊಪ್ಪದಿಂದ ಬರೆಯುತ್ತಿದ್ದೇನೆ. ಇಲ್ಲಿನ ಹೈಸ್ಕೂಲು ಮಕ್ಕಳಿಗೆ ಕಲ್ಲಿದ್ದಲು ಕರೆಂಟಿನ ಬಗ್ಗೆ ಒಂದು ಪಾಠ ಬರೆಯುತ್ತಿದ್ದೇನೆ, ‘ದಕ್ಷತೆ’ (ಹಾಕಿದ ಶಕ್ತಿಯಲ್ಲಿ ಎಷ್ಟು ಪಾಲು ಕರೆಂಟಾಗಿ ಸಿಗುತ್ತದೆ ಅನ್ನುವುದು) ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ದಕ್ಷ ಅಂದರೆ ನಮ್ಮಲ್ಲಿ ಹೊಗಳಿಕೆ. ದಕ್ಷ ಅಧಿಕಾರಿ, ದಕ್ಷ ಆಡಳಿತ. ಹಾಗಾಗಿ ಹಳೇ ಕಲ್ಲಿದ್ದಲು ಸ್ಥಾವರದ ದಕ್ಷತೆ ಶೇ. 35ರ ಆಸುಪಾಸು ಅಂತ ಬರೆದರೆ, ಜಸ್ಟ್ ಪಾಸ್ ಅಲ್ವಾ ಅಂತ ನಗುತ್ತಾರೆ. ನೀರಿನ ಟರ್ಬೈನ್ ಶೇ. 90ರಷ್ಟು ಕೊಡುತ್ತದೆ ಅಂತ ಬೇರೆ ಓದಿರುತ್ತಾರೆ, ಹಾರಂಗಿ ಅಣೆಕಟ್ಟು ನೋಡಿದ ಮಕ್ಕಳು. ತಪ್ಪು ಎಂಜಿನಿಯರುಗಳದ್ದು ಅಂತ ತೀರ್ಮಾನ!

ಆದರೆ ಹಬೆಯ ಶಾಖವನ್ನು ಪೂರ್ತಿ ಕೆಲಸಕ್ಕೆ ತಿರುಗಿಸಲು ಯಾರಿಂದಲೂ ಆಗದು. ಬಿಸಿ ಕಡೆಯ ತಾಪ, ತಣ್ಣನೆ ಕಡೆಯ ತಾಪ, ಮಿತಿ ನಿಂತಿರುವುದು ಇವೆರಡರ ಮೇಲೇ. 1824ರಲ್ಲಿ ಫ್ರಾನ್ಸಿನ ಸಾದಿ ಕಾರ್ನೋ ತೋರಿಸಿಕೊಟ್ಟದ್ದು ಇದನ್ನೇ. ಲೆಕ್ಕ ಸುಲಭ: ತಣ್ಣನೆಯದನ್ನು ಬಿಸಿಯದರಿಂದ ಭಾಗಿಸಿ, 1ರಿಂದ ಕಳೆಯಿರಿ, ಆದರೆ ಕೆಲ್ವಿನ್‌ನಲ್ಲೇ (ಸೆಲ್ಸಿಯಸ್‌ಗೆ 273 ಕೂಡಿಸಿದರೆ ಕೆಲ್ವಿನ್). ಹಬೆ 540 ಡಿಗ್ರಿ ಸೆಲ್ಸಿಯಸ್ ಅಂದರೆ 813 ಕೆಲ್ವಿನ್, ಹಬೆ ತಣ್ಣಗಾಗಿ ನೀರಾಗುವ ಕಂಡೆನ್ಸರ್ 40 ಡಿಗ್ರಿ ಅಂದರೆ 313. ಬರುವುದು ಸುಮಾರು ಶೇ. 61. ಸೋರಿಕೆ, ತಿಕ್ಕಾಟ ಯಾವುದೂ ಇಲ್ಲ ಅಂದುಕೊಂಡರೂ ಅಷ್ಟೇ. ಕೈಗಾದಂಥ ಅಣು ಸ್ಥಾವರದಲ್ಲಿ ಹಬೆ 250 ಡಿಗ್ರಿ ಆಸುಪಾಸು, ಅಲ್ಲಿ ಇದೇ ಲೆಕ್ಕ ಶೇ. 40ಕ್ಕೆ ನಿಲ್ಲುತ್ತದೆ. ಅದರಲ್ಲಿ 30ರ ಹತ್ತಿರ ತೆಗೆಯುತ್ತಾರೆ. ಬರೀ ದಕ್ಷತೆ ನೋಡಿದರೆ ಕೈಗಾ ಹಿಂದೆ, ತನ್ನ ಮಿತಿಗೆ ಹತ್ತಿರ ಇರುವುದು ಮಾತ್ರ ಕೈಗಾನೇ. ನನಗೆ ಈ ವ್ಯತ್ಯಾಸ ಒಂದೇ ಮಾತಲ್ಲಿ ಹೇಳಬೇಕು.

‘ಸೈದ್ಧಾಂತಿಕ’ ಬೇಡ. ಪೇಪರ್ ಓದುವವರಿಗೆ ಅದು ಪಕ್ಷಗಳ ಜಗಳದ ಪದ, ಉಳಿದವರಿಗೆ ‘ಸುಮ್ನೆ ಪುಸ್ತಕದ್ದು’. ‘ಗರಿಷ್ಠ’ ಅಂದರೆ ಭಾಗಮಂಡಲದಲ್ಲಿ ಗರಿಷ್ಠ ಮಳೆ ಅನ್ನುವ ಹಾಗೆ ದಾಖಲೆ ಅನಿಸುತ್ತದೆ, ಬರುವ ವರ್ಷ ಮುರಿಯಬಹುದಾದದ್ದು. ‘ಸಾಮರ್ಥ್ಯ’ವನ್ನು ಮೆಗಾವಾಟ್ ಆಗಲೇ ಹಿಡಿದುಕೊಂಡಿದೆ, ರಾಯಚೂರಿನ ಕಲ್ಲಿದ್ದಲು ಸ್ಥಾವರದ ಸಾಮರ್ಥ್ಯ 1720 ಮೆಗಾವಾಟ್ ಅಂತ ಬರೆದು ಮುಂದಿನ ಸಾಲಲ್ಲಿ ಅದೇ ಪದಕ್ಕೆ ಶೇಕಡಾ ಹಾಕಿದರೆ ಗೊಂದಲವೇ.

ಸದ್ಯಕ್ಕೆ ‘ಕಾರ್ನೋ ಎಲ್ಲೆ’ ಅಂತ ಬರೆದಿದ್ದೇನೆ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ ಆಡುವ ಮಕ್ಕಳೇ ಇಲ್ಲಿ ಜಾಸ್ತಿ, ಅವರಿಗೂ ‘ಎಲ್ಲೆ’ ತಿಳಿಯುತ್ತದೆ ಅಂತ ನನ್ನ ಅಂದಾಜು. ‘ಮೇಲ್ಮಿತಿ’ ವಾಸಿಯಾ? ಆ ರಾಯಚೂರು ಸ್ಥಾವರ ಇರುವ ಶಕ್ತಿನಗರದಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ, ಅಲ್ಲಿ ಮಾತಲ್ಲಿ ಏನಂತಾರೆ? ‘ಎಫಿಶಿಯೆನ್ಸಿ’ ಅಂತಲೇ ಇದ್ದರೂ ಹೇಳಿ, ಹಾಗೇ ಹಾಕುತ್ತೇನೆ.