ದೇವಿಮನೆ ಘಟ್ಟ, ಆಕ್ಟೇವಿಯಾ ಆರ್‌ಎಸ್: ಯಾವ ಸ್ಪ್ರಿಂಗ್ ಹಾಕಲಿ?

ಸೋಂದಾ_ರಸ್ತೆ:
ನನ್ನದು ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230. ಸ್ಟೇಜ್ 1 ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ತಿದ್ದಿ ಶಕ್ತಿ ಹೆಚ್ಚಿಸುವುದು) ಆಗಿದೆ, ಒಳ್ಳೆ ಟಯರ್ ಇದೆ, ಬ್ರೇಕ್ ಪ್ಯಾಡ್ ಬದಲಿಸಿದ್ದೇನೆ. ಸ್ಪ್ರಿಂಗ್, ಶಾಕ್ (ಶಾಕ್ ಅಬ್ಸಾರ್ಬರ್) ಎರಡೂ ಕಂಪನಿಯವೇ. ಶಿರಸಿಯಿಂದ ಕುಮಟಾ ಕಡೆ ದೇವಿಮನೆ ಘಟ್ಟ ಇಳಿಯುವಾಗ ತಿರುವಿನಲ್ಲಿ ಗಾಡಿ ಜಾಸ್ತಿ ವಾಲುತ್ತದೆ, ತಿರುವು ಮುಗಿದ ಮೇಲೂ ಒಂದೆರಡು ಸಲ ತೂಗಿ ಆಮೇಲೆ ನಿಲ್ಲುತ್ತದೆ. ಬೆಂಗಳೂರಿನ ಒಂದು ಅಂಗಡಿಯವರು 30 ಮಿ.ಮೀ. ಇಳಿಸುವ ಸ್ಪ್ರಿಂಗ್ ಹಾಕಿಬಿಡಿ, ಶಾಕ್ ಮುಟ್ಟೋದೇ ಬೇಡ ಅಂದರು. ನಮ್ಮ ಮನೆಗೆ ಹೋಗುವ ಕೊನೆಯ ತುಂಡು ಮಣ್ಣಿನ ರಸ್ತೆ. ಮಳೆಗಾಲ ಮುಗಿಯುವ ಹೊತ್ತಿಗೆ ಎರಡು ಗಾಲಿ ಜಾಡಿನ ಮಧ್ಯೆ ದಿಬ್ಬ ಎದ್ದಿರುತ್ತದೆ. ಅಡಿಕೆ ಹೊತ್ತಿನಲ್ಲಿ ಡಿಕ್ಕಿಯಲ್ಲಿ ಚೀಲವೂ ಇರುತ್ತದೆ. ಇದಕ್ಕೆಲ್ಲ ಹೊಂದುವ ಸ್ಪ್ರಿಂಗ್ ಯಾವುದು? ಸುಮ್ನೆ ಅಂದಕ್ಕೆ ಇಳಿಸೋದು ನನಗೆ ಬೇಡ.

ಘಟ್ಟದ_ಗೇರ್:
ಮಾರಾಯ್ರೆ, ನೀವು ಹೇಳಿದ್ದರಲ್ಲಿ ಎರಡು ಬೇರೆ ಬೇರೆ ತೊಂದರೆ ಇದೆ. ವಾಲುವುದನ್ನು ಸ್ಪ್ರಿಂಗ್ ಮತ್ತು ಆಂಟಿ ರೋಲ್ ಬಾರ್ (ಎಡ ಬಲ ಗಾಲಿಗಳನ್ನು ಜೋಡಿಸುವ ಉಕ್ಕಿನ ಸಲಾಕೆ) ತಡೆಯುತ್ತವೆ. ತಿರುವು ಮುಗಿದ ಮೇಲೆ ತೂಗುವುದನ್ನು ನಿಲ್ಲಿಸುವುದು ಶಾಕ್. ನಿಮ್ಮ ಶಾಕ್ ಸೋತಿದೆ ಅನಿಸುತ್ತದೆ. ಸೋತ ಶಾಕ್ ಮೇಲೆ ಗಟ್ಟಿ ಸ್ಪ್ರಿಂಗ್ ಕೂರಿಸಿದರೆ ತೂಗಾಟ ಇನ್ನೂ ಜೋರಾಗುತ್ತದೆ, ಯಾಕಂದರೆ ಸ್ಪ್ರಿಂಗ್ ವಾಪಸ್ ಒದೆಯುವ ಬಲ ಹೆಚ್ಚಾಯಿತು, ಅದನ್ನು ಹಿಡಿಯುವವರು ಯಾರೂ ಇಲ್ಲ. ಅಂಗಡಿಯವರ ಮಾತು ಅಲ್ಲೇ ತಪ್ಪಿದೆ.

ಇನ್ನು 30 ಮಿ.ಮೀ. ಆರ್‌ಎಸ್ ಮೊದಲೇ ಮಾಮೂಲಿ ಆಕ್ಟೇವಿಯಾಕ್ಕಿಂತ ತಗ್ಗು. ಇನ್ನೂ ಇಳಿಸಿದರೆ ಬಂಪ್ ಸ್ಟಾಪ್ (ಶಾಕ್ ಪೂರ್ತಿ ಒಳಗೆ ಹೋಗದಂತೆ ತಡೆಯುವ ಮೆತ್ತೆ) ತನಕ ಉಳಿಯುವ ಜಾಗ ಅಷ್ಟೂ ಕಡಿಮೆ. ತಿರುವಿನ ಮಧ್ಯೆ ಗುಂಡಿ ಸಿಕ್ಕಿ ಹೊರಗಿನ ಗಾಲಿ ಬಂಪ್ ಸ್ಟಾಪಿಗೆ ತಾಗಿದರೆ ಆ ಮೂಲೆ ಒಮ್ಮೆಲೇ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಟಯರಿನ ಹಿಡಿತ ತಪ್ಪುತ್ತದೆ. ಮುಂದಿನದು ಮ್ಯಾಕ್‌ಫರ್ಸನ್ ಸ್ಟ್ರಟ್ (ಶಾಕ್, ಸ್ಪ್ರಿಂಗ್ ಎರಡೂ ಒಂದೇ ಕಂಬದಲ್ಲಿರುವ ಜೋಡಣೆ) ಆದ್ದರಿಂದ ಇನ್ನೊಂದು ಕಷ್ಟವೂ ಇದೆ. ಜಾಸ್ತಿ ಇಳಿಸಿದಾಗ ಗಾಲಿಯನ್ನು ಗಾಡಿಗೆ ಜೋಡಿಸುವ ಕೆಳಗಿನ ಆರ್ಮ್ ಗಾಲಿ ಕಡೆಗೆ ಮೇಲೇರಿ ನಿಲ್ಲುತ್ತದೆ, ರೋಲ್ ಸೆಂಟರ್ (ಗಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಗಾಡಿ ಇಳಿದದ್ದಕ್ಕಿಂತ ಜಾಸ್ತಿ ಕೆಳಗೆ ಹೋಗುತ್ತದೆ. ಆಗ ಗಾಡಿ ವಾಲಲು ಇನ್ನೂ ಸುಲಭ, ಸ್ಪ್ರಿಂಗ್ ಗಟ್ಟಿ ಮಾಡಿ ಗಳಿಸಿದ್ದರಲ್ಲಿ ಒಂದು ಪಾಲು ಅಲ್ಲೇ ಹೋಯಿತು.

ಏನೂ ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಮುಂದಿನ ಶಾಕಿನ ರಬ್ಬರ್ ಬೂಟ್ ಮೇಲೆತ್ತಿ ಕಟ್ಟಿ, ಹೊಳೆಯುವ ರಾಡಿಗೆ ಸಣ್ಣ ಕೇಬಲ್ ಟೈ ಹಾಕಿ, ಬೆರಳಲ್ಲಿ ತಳ್ಳಿದರೆ ಜಾರುವಷ್ಟು ಬಿಗಿ ಇರಲಿ. ಕೆಳಗೆ ಸೀಲ್ ತನಕ ಇಳಿಸಿಟ್ಟು ನಿಮ್ಮ ಮಾಮೂಲಿ ವೇಗದಲ್ಲಿ ಘಟ್ಟ ಇಳಿದು ಬನ್ನಿ. ಟೈ ಎಲ್ಲಿಗೆ ತಳ್ಳಲ್ಪಟ್ಟಿದೆ ನೋಡಿದರೆ ಶಾಕ್ ಎಷ್ಟು ಒಳಗೆ ಹೋಗಿತ್ತು ಗೊತ್ತಾಗುತ್ತದೆ. ಈಗಲೇ ಬಂಪ್ ಸ್ಟಾಪಿಗೆ ತಾಗಿದ್ದರೆ ಇಳಿಸುವ ಮಾತೇ ಬೇಡ.

ಬೈತಖೋಲ_ಕಡೆಯವ:
ಮೇಲಿನವರು ಹೇಳಿದ್ದು ಸರಿ. ನಂಬರ್ ಬಗ್ಗೆ ನಾನು ಸ್ವಲ್ಪ ಸೇರಿಸುತ್ತೇನೆ. ಸ್ಪ್ರಿಂಗಿನ ಗಟ್ಟಿತನ ತಂತಿಯ ದಪ್ಪದ ನಾಲ್ಕನೇ ಘಾತದಂತೆ ಏರುತ್ತದೆ. ಸುತ್ತಿನ ಅಗಲ, ಸುತ್ತಿನ ಸಂಖ್ಯೆ ಅಷ್ಟೇ ಇಟ್ಟು 12 ಮಿ.ಮೀ. ತಂತಿಯನ್ನು 13 ಮಾಡಿದರೆ ಸುಮಾರು 38 ಶೇಕಡಾ ಗಟ್ಟಿ! ಅದಕ್ಕೇ ಕಣ್ಣಳತೆಯಲ್ಲಿ ಆರಿಸಬೇಡಿ, ನ್ಯೂಟನ್ ಪರ್ ಮಿ.ಮೀ. ಎಷ್ಟು ಅಂತ ಬರಹದಲ್ಲಿ ಕೇಳಿ. ಕೆಲವರು ಕೆಜಿ ಲೆಕ್ಕದಲ್ಲಿ ಹೇಳುತ್ತಾರೆ, 1 ಕೆಜಿ ಅಂದರೆ 9.8 ನ್ಯೂಟನ್. ಮುಂದಿನ ನಂಬರ್, ಹಿಂದಿನ ನಂಬರ್ ಹೋಲಿಸಿ ಗಾಬರಿಯಾಗಬೇಡಿ. ಆರ್‌ಎಸ್‌ನ ಹಿಂದಿನ ಸ್ಪ್ರಿಂಗ್ ಆರ್ಮಿನ ಮೇಲೆ ಗಾಲಿಗಿಂತ ಒಳಗೆ ಕೂತಿರುತ್ತದೆ. ಗಾಲಿ 10 ಮಿ.ಮೀ. ಎದ್ದಾಗ ಸ್ಪ್ರಿಂಗ್ 7 ಮಿ.ಮೀ. ಮಾತ್ರ ಒತ್ತಿಕೊಂಡರೆ ಗಾಲಿಗೆ ತಲುಪುವ ಗಟ್ಟಿತನ ಅರ್ಧದಷ್ಟೇ (0.7 × 0.7, ಅಂದರೆ 0.49).

ಎಂಜಿನ್ ಯಾವುದು ಅಂತಲೂ ಹೇಳಿ ತರಿಸಿ. 1.4 ಪೆಟ್ರೋಲ್‌ಗೆ ಮಾಡಿದ್ದು ಬೇರೆ, 2.0 ಡೀಸೆಲ್‌ಗೆ ಬೇರೆ. ಮುಂದಿನ ಆಕ್ಸಲ್ ತೂಕದ ಮಿತಿ ಕಿಟ್ ಜೊತೆ ಬರೆದಿರುತ್ತದೆ.

ಕರಾವಳಿಗೆ ಬರುವವರು ನೀವು, ತುಕ್ಕಿನ ಬಗ್ಗೆ ಹೇಳಲೇಬೇಕು. ಸ್ಪ್ರಿಂಗಿನ ಕೆಳಗಿನ ಸುತ್ತು ರಬ್ಬರ್ ಸೀಟಿನಲ್ಲಿ ಕೂರುವ ಕಡೆ ಮರಳು ಸಿಕ್ಕಿ ಬಣ್ಣ ತಿನ್ನುತ್ತದೆ, ಉಪ್ಪಿನ ಗಾಳಿಗೆ ಅಲ್ಲೇ ತುಕ್ಕು ಶುರು, ಒಂದು ದಿನ ಅಲ್ಲೇ ತುಂಡಾಗುತ್ತದೆ. ಕಾರವಾರದಲ್ಲಿ ಇಂಥದ್ದು ಕೈಯಲ್ಲಿ ಹಿಡಿದು ನೋಡಿದ್ದೇನೆ, ಮುರಿದ ತುದಿ ಟಯರಿನ ಕಡೆಗೇ ಚಾಚಿತ್ತು. ಗಾಡಿ ತೊಳೆಯುವಾಗ ಆ ಸೀಟಿಗೆ ನೀರು ಬಿಡಿ. ಮತ್ತೆ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರದಿಂದ ಗಾಡಿ ಬದಲಿಸಲು ಸ್ವಾತಂತ್ರ್ಯ ಇಲ್ಲ, ವಿಮೆಯವರ ಹತ್ತಿರವೂ ಮೊದಲೇ ಕೇಳಿಕೊಳ್ಳಿ.

ಸೋಂದಾ_ರಸ್ತೆ:
ತುಂಬಾ ಉಪಕಾರ ಆಯ್ತು. ಟೈ ಹಾಕಿ ನೋಡುತ್ತೇನೆ. ಶಾಕ್ ಬದಲಿಸೋದಾದರೆ ಬಿಲ್‌ಸ್ಟೈನ್ ಕಂಪನಿಯ ಬಿ6, ಬಿ8 ಎರಡರಲ್ಲಿ ಯಾವುದು? ಮತ್ತೆ ಚೀಲ ಹೇರಿದಾಗಿನ ಸಲುವಾಗಿ ಪ್ರೋಗ್ರೆಸಿವ್ ಸ್ಪ್ರಿಂಗ್ ಒಳ್ಳೆಯದಾ?

ಘಟ್ಟದ_ಗೇರ್:
ಬಿ8 ಇರುವುದು ಇಳಿಸಿದ ಗಾಡಿಗೆ, ಅದರ ಉದ್ದವೇ ಕಡಿಮೆ. ನಿಮಗೆ ಬಿ6. ಕಂಪನಿಯ ಸ್ಪ್ರಿಂಗ್ ಹಾಗೇ ಇಟ್ಟು ಮೊದಲು ಬಿ6 ಮಾತ್ರ ಹಾಕಿ ಓಡಿಸಿ, ಆಮೇಲೂ ವಾಲುವುದು ಜಾಸ್ತಿ ಅನಿಸಿದರೆ ಹಿಂದಿನ ಆಂಟಿ ರೋಲ್ ಬಾರ್ ದಪ್ಪದ್ದು ಹಾಕಿ. ಎತ್ತರ ಒಂದು ಕೂದಲೂ ಇಳಿಯುವುದಿಲ್ಲ.

ಪ್ರೋಗ್ರೆಸಿವ್ ಅಂದರೆ ಮೊದಲು ಮೆತ್ತಗೆ, ಒತ್ತಿದಂತೆ ಗಟ್ಟಿ. ಚೀಲ ಹೇರುವವರಿಗೆ ಹಿಂದೆ ಅದು ಒಳ್ಳೆಯದೇ. ಆದರೆ ತಿರುವಿನ ಮಧ್ಯೆ ಗಟ್ಟಿತನ ಬದಲಾಗುವುದು ನನಗೆ ಇಷ್ಟವಿಲ್ಲ. ನನ್ನ ಆಯ್ಕೆ ಲೀನಿಯರ್, ಅಂದರೆ ಎಷ್ಟು ಒತ್ತಿದರೂ ಒಂದೇ ಗಟ್ಟಿತನದ್ದು.

ಬೈತಖೋಲ_ಕಡೆಯವ:
ಇಲ್ಲಿ ನಾನು ಒಪ್ಪುವುದಿಲ್ಲ ಅಣ್ಣ. ದಿನಾ ಮಣ್ಣಿನ ರಸ್ತೆ, ಹಂಪು, ಅಡಿಕೆ ಚೀಲ ಅಂದ ಮೇಲೆ ಪ್ರೋಗ್ರೆಸಿವ್ ಸರಿ. ಲೀನಿಯರ್ ಚಂದ ಆಗುವುದು ಹದವಾದ ಡಾಂಬರಿನ ಮೇಲೆ. ಏನೇ ಹಾಕಿದರೂ ಸ್ಟ್ರಟ್ ಬಿಚ್ಚಿದಾಗ ಮೇಲಿನ ಮೌಂಟ್, ಬೇರಿಂಗ್ ಹೊಸದು ಹಾಕಿಸಿ. ಆರ್ಮಿನ ಬುಶ್ (ರಬ್ಬರ್ ಜೋಡಣೆ) ಬೋಲ್ಟುಗಳನ್ನು ಗಾಡಿ ನೆಲದ ಮೇಲೆ ನಿಂತ ಎತ್ತರದಲ್ಲೇ ಪೂರ್ತಿ ಬಿಗಿಯಬೇಕು. ಜಾಕಿನಲ್ಲಿ ನೇತಾಡುವಾಗ ಬಿಗಿದರೆ ಬುಶ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಅದಾದ ಮೇಲೆ ಗಾಲಿಗಳ ಅಲೈನ್‌ಮೆಂಟ್ ಮಾಡಿಸಿ.